ತಕ್ಕಡಿಗೆ ಬೆರಳು ತಾಗಿಸದ ನಂಬಿಕೆ

— ಅಳತೆ ಮುಗಿದ ಮೇಲೂ ಉಳಿಯುವುದೇ ನಂಬಿಕೆ ಎಂದಿದ್ದನೋ, ಅಳತೆ ಶುರುವಾಗುವ ಮೊದಲೇ ಇರಬೇಕಾದದ್ದು ನಂಬಿಕೆ ಎಂದಿದ್ದನೋ — ಮೂರು ದಿನದಿಂದ ನೆನಪಿಸಿಕೊಳ್ಳಲು ಹೆಣಗುತ್ತಿದ್ದೇನೆ, ಸರಿಯಾಗಿ ಸಿಗುತ್ತಿಲ್ಲ. ಎರಡೂ ಒಂದೇ ಅಲ್ಲ. ಕೇಳಿಬಿಡೋಣವೆಂದರೆ ಕೇಳಬೇಕಾದವನೇ ಇಲ್ಲ.

ಕ್ಷಮಿಸಿ. ಮೊದಲು ನಮಸ್ಕಾರ ಹೇಳಬೇಕಿತ್ತು. ವೇದಿಕೆಯ ಮೇಲಿರುವ ನಿರ್ದೇಶಕರೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆ, ಅವರ ಪಕ್ಕದಲ್ಲಿರುವ ಮಗಳು, ಪರೀಕ್ಷಾಲಯದ ಗೆಳೆಯರೇ, ಲಿಫ್ಟು ಕೆಟ್ಟಿದ್ದರೂ ಮೂರು ಮಹಡಿ ಹತ್ತಿ ಬಂದಿರುವ ನಿವೃತ್ತ ಹಿರಿಯರೇ — ಎಲ್ಲರಿಗೂ ನಮಸ್ಕಾರ.

ಇನ್ನೊಂದು ವಿಷಯಕ್ಕೂ ಕ್ಷಮೆ ಕೇಳಬೇಕು. ಇಂಥ ಸಭೆಯಲ್ಲಿ ತೀರಿಕೊಂಡವರನ್ನು 'ಅವರು' ಎನ್ನಬೇಕು. ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕೂತು 'ಲೋ' ಎಂದು ಕರೆದವನನ್ನು ಈಗ ಏಕಾಏಕಿ ಬಹುವಚನಕ್ಕೆ ಏರಿಸಲು ನನ್ನ ನಾಲಿಗೆ ಹೊರಳುತ್ತಿಲ್ಲ. ಅವನು ಎಂದೇ ಅನ್ನುತ್ತೇನೆ. ಅತ್ತಿಗೆ ಬೇಸರ ಮಾಡಿಕೊಳ್ಳಬಾರದು.

ನನಗಿಂತ ಮೊದಲು ಮೂವರು ಮಾತಾಡಿದರು. ಒಳ್ಳೆಯ ಮಾತೇ. ನಿರ್ದೇಶಕರು ಹೇಳಿದರು — ಒಂದು ಕೈಯಲ್ಲಿ ವಿಜ್ಞಾನ, ಇನ್ನೊಂದು ಕೈಯಲ್ಲಿ ಭಕ್ತಿ ಹಿಡಿದಿದ್ದ ಅಪರೂಪದ ಮನುಷ್ಯ. ನೌಕರರ ಸಂಘದ ಕಾರ್ಯದರ್ಶಿ ಹೇಳಿದರು — ತಾನು ನಂಬಿದವನ ಬಳಿಗೇ ಹೋಗಿ ಸೇರಿದ್ದಾನೆ. ಚಪ್ಪಾಳೆ ತಟ್ಟುವ ಸಭೆಯಲ್ಲ, ಇಲ್ಲದಿದ್ದರೆ ತಟ್ಟುತ್ತಿದ್ದೆವು. ಆದರೆ ನನಗೆ — ನಾನು ನೇರವಾಗಿ ಹೇಳಿಬಿಡುತ್ತೇನೆ — ಕೂತಲ್ಲೇ ಮೈ ಉರಿಯುತ್ತಿತ್ತು. ಅವನು ಏನನ್ನು ನಂಬಿದ್ದ ಎಂದು ಇವರಲ್ಲಿ ಒಬ್ಬರಾದರೂ ಒಂದು ದಿನ ಅವನನ್ನು ಕೇಳಿದ್ದರೇ? ಕೇಳಿ, ಉತ್ತರ ಮುಗಿಯುವವರೆಗೆ ಕೂತಿದ್ದರೇ?

ಇನ್ನೊಂದು ಮಾತು ವೇದಿಕೆಯ ಮೇಲೆ ಬರಲಿಲ್ಲ. ಅದು ಮೆಟ್ಟಿಲ ಮೇಲೆ ಇತ್ತು. ನಾನು ಹತ್ತುತ್ತಿದ್ದಾಗ ಮುಂದೆ ಇಬ್ಬರು ಹತ್ತುತ್ತಿದ್ದರು. ಒಬ್ಬರು ಅಂದರು, "ಓದಿದೋರು, ಇಷ್ಟು ವರ್ಷ ಲ್ಯಾಬಲ್ಲಿದ್ದೋರು. ದೇವರು ನೋಡ್ಕೋತಾನೆ ಅಂತ ಆಪರೇಷನ್ ಬೇಡ ಅಂದ್ರಂತೆ." ಇನ್ನೊಬ್ಬರು ಅಂದರು, "ಎಷ್ಟು ಓದಿದ್ರೇನು, ಕೊನೇಲಿ ಎಲ್ಲರದ್ದೂ ಅಷ್ಟೇ ಬಿಡಿ." ಅವರು ಯಾರೆಂದು ಹೇಳುವುದಿಲ್ಲ. ಇಲ್ಲೇ ಕೂತಿದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ. ಏಕೆಂದರೆ ಇದೇ ಮಾತನ್ನು, ಇದಕ್ಕಿಂತ ಚೂಪಾಗಿ, ಮೂರು ದಿನದ ಹಿಂದೆ ಅವನ ಮಗಳೇ ನನಗೆ ಫೋನು ಮಾಡಿ ಕೇಳಿದಳು. ಹೇಳಲಾ ಅಮ್ಮಾ? — ತಲೆಯಾಡಿಸಿದಳು. ಹೇಳುತ್ತೇನೆ.

"ಮಾಮ, ಸಭೇಲಿ ನೀವು ಮಾತಾಡ್ತೀರಂತೆ."

"ಹೌದಮ್ಮ, ಹೇಳಿದ್ದಾರೆ."

"ಹೊಗಳೋರು ಬೇಕಾದಷ್ಟು ಜನ ಇರ್ತಾರೆ. ನೀವು ಒಂದೇ ಒಂದು ಹೇಳಿ ಸಾಕು. ಅಪ್ಪ ದಡ್ಡತನದಿಂದ ಹೋದ್ರಾ?"

"ಏನಮ್ಮ ಹಾಗಂದ್ರೆ?"

"ಯಾಕಪ್ಪಾ ಆಪರೇಷನ್ ಬೇಡ ಅಂತೀರಿ ಅಂತ ಕೇಳಿದ್ರೆ, 'ದೇವರು ನೋಡ್ಕೋತಾನೆ ಬಿಡಮ್ಮ' ಅಂದ್ರು. ಕೂದಲೆಳೆ ವ್ಯತ್ಯಾಸ ಬಂದ್ರೆ ಊಟ ಬಿಡ್ತಿದ್ದ ಮನುಷ್ಯ ಮಾಮ. ತನ್ನ ಜೀವದ ವಿಷಯಕ್ಕೆ ಅಷ್ಟೇನಾ? ನಾನು ಜಗಳ ಆಡಿದೆ. ಆಮೇಲೆ ಸರಿಯಾಗಿ ಮಾತೇ ಆಡಲಿಲ್ಲ. ನೀವು ನಿಜ ಹೇಳಿ. ಸಮಾಧಾನಕ್ಕೆ ಅಂತ ಏನೂ ಹೇಳ್ಬೇಡಿ."

ಅವಳು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಸಮಾಧಾನಕ್ಕೆ ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಆಗ ನಾನು ಫೋನು ಇಟ್ಟುಬಿಟ್ಟೆ — ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮತ್ತೆ, ಮೆಟ್ಟಿಲ ಮೇಲಿನ ಮಾತಿಗೆ ಮೈಕಿನಲ್ಲೇ ಉತ್ತರ ಕೊಡುವುದು ಒಳ್ಳೆಯದು.

ಮನೆಯವರಿಗೆ, ನೆರೆಯವರಿಗೆ ನಮ್ಮ ಕೆಲಸ ಏನೆಂದು ಗೊತ್ತಿರಲಿಕ್ಕಿಲ್ಲ. ಎರಡು ಮಾತು. ಅಂಗಡಿಯ ತೂಕದ ಬಟ್ಟು ಸರಿಯಿದೆಯೇ ಎಂದು ನೋಡಲು ಇನ್ಸ್‌ಪೆಕ್ಟರ ಬಳಿ ಒಂದು ಬಟ್ಟು ಇರುತ್ತದೆ. ಆ ಇನ್ಸ್‌ಪೆಕ್ಟರ ಬಟ್ಟು ಸರಿಯಿದೆಯೇ ಎಂದು ನೋಡುವವರು ನಾವು. ನೆಲಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ನಡುವೆ ಕಲ್ಲಿನ ಕಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಬಟ್ಟನ್ನು ಕೈಯಿಂದ ಮುಟ್ಟುವಂತಿಲ್ಲ, ಚಿಮಟದಿಂದ ಎತ್ತಬೇಕು. ಒಳಗೆ ಹೋದ ಮೇಲೆ ಒಂದು ಗಂಟೆ ಸುಮ್ಮನೆ ಕೂರಬೇಕು, ಮೈಯ ಬಿಸಿ ಕೋಣೆಯ ಬಿಸಿಗೆ ಹೊಂದುವವರೆಗೆ. ಮಾತಾಡುವಂತಿಲ್ಲ, ಉಸಿರಿಗೂ ತಕ್ಕಡಿ ಅಲುಗುತ್ತದೆ. ಎಡಗಡೆಯ ಕುರ್ಚಿ ಅವನದು, ಬಲಗಡೆಯದು ನನ್ನದು. ಇಬ್ಬರೂ ಬೇರೆ ಬೇರೆ ರೀಡಿಂಗ್ ತೆಗೆದುಕೊಳ್ಳಬೇಕು, ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು, ಮಡಿಚಿಟ್ಟ ಮೇಲೆ ಬಿಚ್ಚಿ ನೋಡಬೇಕು. ಒಬ್ಬ ತೆಗೆದ ರೀಡಿಂಗಿಗೆ ಇನ್ನೊಬ್ಬ ಸಹಿ ಹಾಕುವಂತಿಲ್ಲ. ಇಷ್ಟೇ ನಮ್ಮ ಶಾಸ್ತ್ರ.

ಲ್ಯಾಬಿನಲ್ಲಿ ಅವನಿಗೆ 'ಮಿಲಿಗ್ರಾಂ' ಎಂದು ಹೆಸರಿಟ್ಟಿದ್ದರು. ಮದುವೆ ಮನೆಯಲ್ಲೂ ಹಾಗೇ ಕರೆಯುತ್ತಿದ್ದರು. ಅವನು ಒಮ್ಮೆ ಗಂಭೀರವಾಗಿ ಆಕ್ಷೇಪಿಸಿದ್ದ: "ನಾವು ಅದರ ನೂರನೇ ಭಾಗ ಅಳೀತೀವಿ ಕಣ್ರೋ. ಮಿಲಿಗ್ರಾಂ ಅಂದ್ರೆ ಬಂಡೆ."

ನಾನು ಸೇರಿ ಎರಡನೇ ವರ್ಷ ಇರಬೇಕು. ಗಾಜಿನ ಬಾಗಿಲು ತೆರೆಯುವ ಮೊದಲು ಅವನು ಒಂದು ಕ್ಷಣ ಕಣ್ಣು ಮುಚ್ಚುತ್ತಾನೆ ಎಂದು ಗಮನಿಸಿದೆ. ದಿನವೂ. ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ.

"ಏನೋ ಅದು, ಕಣ್ಣು ಮುಚ್ಕೊಂಡು?"

"ಕೇಳ್ಕೋತೀನಿ."

"ಯಾರನ್ನ? ಏನಂತ? ರೀಡಿಂಗ್ ಸರಿ ಬರ್ಲಿ ಅಂತಲಾ?"

"ಅಲ್ಲ ಕಣೋ. ನನಗೆ ಬೇಕಾದ ಹಾಗೆ ಬರದೇ ಇರ್ಲಿ ಅಂತ."

ನಾನು ಜೋರಾಗಿ ನಕ್ಕೆ. ಅವನೂ ನಕ್ಕ. ಅವತ್ತು ಶುರುವಾದ ಜಗಳ ಇಪ್ಪತ್ತನಾಲ್ಕು ವರ್ಷ ನಡೆಯಿತು. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಸೈಕಲ್ ನಿಲ್ಲಿಸುವ ಜಾಗದಲ್ಲಿ. ಕೋಣೆಯೊಳಗೆ ಮಾತಾಡುವಂತಿರಲಿಲ್ಲವಲ್ಲ, ಅಲ್ಲಿ ಒಂದು ಗಂಟೆ ಕೂತು ಇಬ್ಬರೂ ವಾದ ಮಸೆಯುತ್ತಿದ್ದೆವು, ಹೊರಗೆ ಬಂದೊಡನೆ ಕೈಮಿಲಾಯಿಸುತ್ತಿದ್ದೆವು.

ದೇವರು ಎಂಬ ಪದವನ್ನು ಅವನು ಬಳಸುತ್ತಿದ್ದದ್ದು ಅಪರೂಪ. ಇದನ್ನು ದಯವಿಟ್ಟು ಗಮನಿಸಿ. 'ದೊಡ್ಡ ಬುದ್ಧಿ' ಎನ್ನುತ್ತಿದ್ದ. ನಮಗಿಂತ ದೊಡ್ಡದೊಂದು ಬುದ್ಧಿ ಇದೆ, ಹಾಗೆಂದು ನಂಬುವುದು ಬುದ್ಧಿಗೇಡಿತನವಲ್ಲ — ಇಷ್ಟೇ ಅವನ ವಾದ. ಅವನ ದಾರಿ ಹೀಗಿತ್ತು: ಅಂಗಡಿಯ ಬಟ್ಟಿಗಿಂತ ಇನ್ಸ್‌ಪೆಕ್ಟರ ಬಟ್ಟು ಮೇಲು, ಅದಕ್ಕಿಂತ ನಮ್ಮದು ಮೇಲು, ನಮ್ಮದನ್ನು ತಿದ್ದಲು ಇನ್ನೊಂದು ಊರಿನಲ್ಲಿ ಮೇಲಿನ ಲ್ಯಾಬು ಇದೆ. ನಾವು ಎಷ್ಟು ತಪ್ಪಿದ್ದೇವೆ ಎಂದು ನಮಗೆ ಗೊತ್ತಾಗುವುದೇ ನಮಗಿಂತ ಸರಿಯಾದದ್ದು ಒಂದು ಇರುವುದರಿಂದ. "ನಿನ್ನ ತಲೆಯೂ ಒಂದು ತಕ್ಕಡಿ ತಾನೇ? ಅದು ತಪ್ಪು ಮಾಡುತ್ತೆ ಅಂತ ನಿನಗೆ ಗೊತ್ತು ತಾನೇ? ಯಾವುದಕ್ಕೆ ಹೋಲಿಸಿ ಗೊತ್ತಾಯ್ತು?"

ನಾನು ಹೇಳುತ್ತಿದ್ದೆ: "ಮೇಲಿನ ಲ್ಯಾಬಿಗೆ ವಿಳಾಸ ಇದೆ ಕಣಯ್ಯಾ, ಫೋನ್ ನಂಬರ್ ಇದೆ, ಊಟದ ಹೊತ್ತಲ್ಲಿ ಫೋನ್ ಎತ್ತದ ಗುಮಾಸ್ತ ಇದ್ದಾನೆ. ಅದಕ್ಕೂ ಮೇಲೆ ಹೋದ್ರೆ ಕೊನೆಗೆ ಸಿಗೋದು ಒಂದು ಮೇಜು, ಸುತ್ತ ನಾಲ್ಕು ಜನ. ಇಷ್ಟಕ್ಕೆ ಒಂದು ಕಿಲೋ ಅನ್ನೋಣ ಅಂತ ಒಪ್ಪಿಕೊಂಡ ನಾಲ್ಕು ಜನ. ದೊಡ್ಡ ಬುದ್ಧಿಯೂ ಇಲ್ಲ, ಗಿಡ್ಡ ಬುದ್ಧಿಯೂ ಇಲ್ಲ. ನಿನ್ನದಕ್ಕೆ ವಿಳಾಸ ಕೊಡು, ನಾಳೆಯೇ ಪತ್ರ ಬರೀತೀನಿ."

"ವಿಳಾಸ ಇಲ್ಲ. ಅದಕ್ಕೇ ನಂಬಿಕೆ ಅಂತೀನಿ, ಸರ್ಟಿಫಿಕೇಟು ಅನ್ನಲ್ಲ."

ನೋಡಿ — ಹೀಗೆ. ಹಿಡಿಯಲು ಹೋದರೆ ಜಾರಿಬಿಡುತ್ತಿದ್ದ. ಆದರೆ ಮೋಸದಿಂದ ಜಾರುತ್ತಿರಲಿಲ್ಲ, ಅದೇ ನನಗೆ ಸಿಟ್ಟು. ತನ್ನಲ್ಲಿ ಇಲ್ಲದ್ದನ್ನು ಇದೆ ಎನ್ನುತ್ತಿರಲಿಲ್ಲ.

ಒಂದು ಘಟನೆ ಹೇಳಲೇಬೇಕು. ನಿರ್ದೇಶಕರಿಗೆ ನೆನಪಿದೆ, ಮುಗುಳ್ನಗುತ್ತಿದ್ದಾರೆ. ಹತ್ತು ವರ್ಷದ ಹಿಂದೆ ಹನ್ನೊಂದು ತಿಂಗಳು ನಮ್ಮಿಬ್ಬರ ರೀಡಿಂಗು ಕೊನೆಯ ಅಂಕಿಯವರೆಗೂ ಒಂದೇ ಬರುತ್ತಿತ್ತು. ನಾನು ಬೀಗುತ್ತಿದ್ದೆ. ಇವನು ಒಂದು ದಿನ ಮುಖ ಗಂಟಿಕ್ಕಿಕೊಂಡು ಹೊರಗೆ ಬಂದ. "ಇಷ್ಟು ಒಪ್ಪಬಾರದು ಕಣೋ" ಎಂದ. ನಮ್ಮ ಬಟ್ಟುಗಳನ್ನು ಮೇಲಿನ ಲ್ಯಾಬಿಗೆ ಕಳಿಸಲು ಇನ್ನೂ ಒಂದು ವರ್ಷವಿತ್ತು. ಈಗಲೇ ಕಳಿಸಬೇಕು ಎಂದು ಅರ್ಜಿ ಬರೆದ. ಕಾರಣ ಎಂಬ ಕಡೆ ಬರೆದದ್ದು — 'ಇಬ್ಬರ ರೀಡಿಂಗು ವಿಪರೀತ ಒಪ್ಪುತ್ತಿದೆ.' ನಮ್ಮ ಆಗಿನ ಮೇಲಧಿಕಾರಿ ಅರ್ಜಿ ಓದಿ ಇಡೀ ವಿಭಾಗಕ್ಕೆ ಓದಿ ಹೇಳಿ ನಕ್ಕರು. "ಗಂಡ ಹೆಂಡ್ತಿ ಒಪ್ಪಿದ್ರೂ ದೂರು ಕೊಡ್ತೀಯೇನಯ್ಯಾ?" ನಾನು ಇವನನ್ನು ಪಕ್ಕಕ್ಕೆ ಕರೆದು, ಉಷ್ಣತೆಯ ಅನುಮಾನ ಎಂದು ಬರಿ, ಮರ್ಯಾದೆಯಾದರೂ ಉಳಿಯುತ್ತದೆ ಎಂದೆ. "ಉಷ್ಣತೆ ಮೇಲೆ ನನಗೆ ಅನುಮಾನ ಇಲ್ವಲ್ಲ. ಇಲ್ಲದ ಕಾರಣ ಹ್ಯಾಗೆ ಬರೀಲಿ?" ಎಂದ.

ಕಳಿಸಿದರು. ಫಲಿತಾಂಶ ಬಂತು. ನಾವಿಬ್ಬರೂ ಹನ್ನೊಂದು ತಿಂಗಳು ತಪ್ಪು. ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ತಪ್ಪು. ಗೋಡೆಯ ಆಚೆಗಿನ ಕೋಣೆಗೆ ಎ.ಸಿ. ಹಾಕಿಸಿದ್ದರು, ಗೋಡೆ ತಣ್ಣಗಾಗಿ ಪೆಟ್ಟಿಗೆಯೊಳಗೆ ಕಾಣದ ಗಾಳಿ ಸುಳಿಯುತ್ತಿತ್ತು, ಇಬ್ಬರನ್ನೂ ಒಟ್ಟಿಗೆ ಎಳೆಯುತ್ತಿತ್ತು. ಮರ್ಯಾದೆಗೆಂದು ನಾನು ಬರೆಸಲು ಹೊರಟಿದ್ದ ಸುಳ್ಳು ಕಾರಣವೇ ನಿಜವಾಗಿತ್ತು ಎಂಬುದು ಬೇರೆ ಮಾತು — ಅದಕ್ಕೆ ಒಂದು ತಿಂಗಳು ನನ್ನನ್ನು ಗೋಳು ಹೊಯ್ದುಕೊಂಡ.

ಆ ಸಂಜೆ ನಾನು ಗೆದ್ದೆ ಎಂದುಕೊಂಡೆ. "ನೋಡು, ಇಬ್ಬರು ಒಪ್ಪಿದ್ರೆ ಸಾಕ್ಷಿ ಆಗಲ್ಲ ಅಂತ ನೀನೇ ತೋರಿಸಿದೆ. ಹಾಗಾದ್ರೆ ದೊಡ್ಡ ಬುದ್ಧಿ ಇದೆ ಅಂತ ಕೋಟಿ ಜನ ಒಪ್ಪಿದ್ರೂ ಸಾಕ್ಷಿ ಅಲ್ಲ." ಅವನು ತಕ್ಷಣ ಒಪ್ಪಿದ. "ಖಂಡಿತ ಅಲ್ಲ. ಇಲ್ಲ ಅಂತ ಕೋಟಿ ಜನ ಒಪ್ಪಿದ್ರೂ ಅಲ್ಲ." ನಾನು ಕೇಳಿದೆ: "ಸರಿ, ನಿನ್ನ ನಂಬಿಕೆ ತಪ್ಪು ಅಂತ ನಿನಗೆ ಗೊತ್ತಾಗೋಕೆ ಏನಾಗಬೇಕು? ಅದೊಂದು ಹೇಳು. ಅದು ಹೇಳೋಕೆ ಆಗದಿದ್ರೆ ಬಾಯಿ ಮುಚ್ಚು."

ಅವನು ತೆಗೆದಿದ್ದ ಸೈಕಲ್ಲಿನ ಬೀಗವನ್ನು ಮತ್ತೆ ಹಾಕಿದ. ಆಮೇಲೆ ಹೇಳಿದ: "ತಕ್ಕಡಿ ಇವತ್ತೊಂದು ನಾಳೆಯೊಂದು ಹೇಳಿ, ನಾವು ಎಷ್ಟು ಹುಡುಕಿದ್ರೂ ಕಾರಣ ಸಿಗದೇ ಹೋದ್ರೆ — ಒಂದು ಸಲ ಅಲ್ಲ, ಹುಡುಕಿದಾಗಲೆಲ್ಲ ಸಿಗದೇ ಹೋದ್ರೆ — ಬಿಟ್ಟುಬಿಡ್ತೀನಿ. ಇಲ್ಲೀವರೆಗೆ ಹುಡುಕಿದಾಗಲೆಲ್ಲ ಗೋಡೆ ಆಚೆ ಏನೋ ಒಂದು ಸಿಕ್ಕಿದೆ. ಜಗತ್ತು ತಲೆಗೆ ಎಟುಕೋ ಹಾಗಿದೆ. ಯಾಕೆ ಹಾಗಿದೆ?"

"ಅದರ ಅಭ್ಯಾಸ ಹಾಗೆ" ಎಂದೆ.

"ಅಭ್ಯಾಸ ಇರಬಹುದು. ನನಗೆ ಅದು ಬುದ್ಧಿ ಥರ ಕಾಣುತ್ತೆ. ನೂರಕ್ಕೆ ಎಷ್ಟು ಅಂತ ಕೇಳಿದ್ರೆ ಅರವತ್ತು ಅಂತೀನಿ."

ಅರವತ್ತು! ಹದಿನಾಲ್ಕು ವರ್ಷ ನನ್ನ ತಲೆ ತಿಂದು, ಕೊನೆಗೆ ಅರವತ್ತು! "ಹಾಗಾದ್ರೆ ನನ್ನದು ನಲವತ್ತಾ?" ಎಂದು ಕೂಗಿದೆ. "ಹೌದು ಕಣೋ, ಅದಕ್ಕೇ ನಿನ್ನ ಜೊತೆ ಮಾತಾಡೋದು. ಸೊನ್ನೆ ಆಗಿದ್ರೆ ಬಸ್ಸಲ್ಲಿ ನಿದ್ದೆ ಮಾಡ್ತಿದ್ದೆ." ಆ ದೊಡ್ಡ ಬುದ್ಧಿ ನಮ್ಮ ಕಷ್ಟಸುಖ ವಿಚಾರಿಸುತ್ತದೆಯೇ ಎಂದೂ ಅವತ್ತೇ ಕೇಳಿದ್ದೆ. "ನಮ್ಮನ್ನ ನೋಡ್ಕೊಳ್ಳೋದು ಅದರ ಕೆಲಸ ಅಂತ ನಾನು ಯಾವತ್ತು ಹೇಳಿದ್ದೀನಿ?" — ಇದು ಅವನ ಉತ್ತರ. ಇದು ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ.

ಈಗ ಕಾಯಿಲೆಗೆ ಬರುತ್ತೇನೆ. ಅಮ್ಮಾ, ಇಲ್ಲಿಂದ ನಿನಗೆ.

ಮೊದಲ ಆಪರೇಷನ್ ಆಗಿ ಕೆಲಸಕ್ಕೆ ಬಂದ. ಆರು ತಿಂಗಳಿಗೆ ಗೆಡ್ಡೆ ಮತ್ತೆ ಕಾಣಿಸಿಕೊಂಡಿತು. ಎರಡನೆಯದು ಮಾಡಬಹುದು ಎಂದರು ಡಾಕ್ಟರು. ಮಾರನೆಯ ದಿನ ರಜೆಯಲ್ಲಿದ್ದವನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬಿಗೆ ಬಂದ. ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಒಂದು ಕಾಗದ ಬಿಚ್ಚಿದ. ಡಾಕ್ಟರನ್ನು ಕೇಳಿ ಬರೆದುಕೊಂಡು ಬಂದ ಅಂಕಿಗಳು. ಈ ವಯಸ್ಸು, ಈ ಹಂತ. ಎರಡನೇ ಆಪರೇಷನ್ ಆದ ನೂರು ಜನರಲ್ಲಿ ಆಸ್ಪತ್ರೆಯಿಂದ ಹೊರಗೆ ಬರುವವರೆಷ್ಟು, ವರ್ಷ ದಾಟುವವರೆಷ್ಟು, ದಾಟಿದವರು ಅದರಲ್ಲಿ ಎಷ್ಟು ದಿನ ಮನೆಯಲ್ಲಿರುತ್ತಾರೆ. ಮಾಡಿಸದಿದ್ದರೆ ಎಷ್ಟು ತಿಂಗಳು, ಅದರಲ್ಲಿ ಓಡಾಡಿಕೊಂಡಿರುವುದೆಷ್ಟು.

"ನೀನೂ ಲೆಕ್ಕ ಹಾಕು, ನಾನೂ ಹಾಕ್ತೀನಿ. ನನ್ನ ಕಡೆ ನೋಡ್ಬೇಡ" ಎಂದ.

ನಾನು ಬೈದೆ. ಇದೇನು ತೂಕದ ಬಟ್ಟೇನೋ ಎಂದೆ. "ಬಟ್ಟಿಗೆ ಮಾಡಿದಷ್ಟನ್ನಾದ್ರೂ ನನಗೂ ಮಾಡು" ಎಂದ. ಕೂತೆವು. ಎರಡು ಚೀಟಿ. ಬಿಚ್ಚಿದೆವು. ಮನೆಯಲ್ಲಿ ಎದ್ದು ಓಡಾಡುವ ದಿನಗಳನ್ನು ಎಣಿಸಿದರೆ, ಮಾಡಿಸದಿರುವುದೇ ಮೇಲು — ಇಬ್ಬರದ್ದೂ ಅದೇ ಬಂತು. ಅವನು ನನ್ನ ಮುಖ ನೋಡಿದ. "ಇಬ್ಬರಿಗೂ ಒಬ್ಬನೇ ಡಾಕ್ಟರ ಅಂಕಿ" ಎಂದ. ಮುಂದಿನ ವಾರ ಇನ್ನೊಂದು ಆಸ್ಪತ್ರೆಗೆ ಹೋದೆವು, ನಾನೇ ಜೊತೆಗಿದ್ದೆ. ಮೊದಲ ಡಾಕ್ಟರ ಅಭಿಪ್ರಾಯ ಈ ಡಾಕ್ಟರಿಗೆ ತೋರಿಸಲಿಲ್ಲ, ವರದಿಗಳನ್ನಷ್ಟೇ ಕೊಟ್ಟ. ಇವರ ಅಂಕಿ ಇನ್ನೂ ಕೆಟ್ಟದಾಗಿತ್ತು. ಆಸ್ಪತ್ರೆಯ ಎದುರು ಬಸ್ಸಿಗೆ ಕಾಯುತ್ತಾ ಅವನು, ಬೇಡ ಎಂದು ತೀರ್ಮಾನಿಸಿದ.

ನನಗೆ ಆಗಲೂ ನಾಲಿಗೆ ಸುಮ್ಮನಿರಲಿಲ್ಲ. "ನಿನ್ನ ದೊಡ್ಡ ಬುದ್ಧೀನ ಒಂದು ಮಾತು ಕೇಳಲ್ವೇನೋ?" ಎಂದೆ.

"ಕೇಳಿದ್ದೆ. ಯಾವಾಗಲೂ ಕೇಳೋದನ್ನೇ ಕೇಳಿದ್ದೆ, ನನಗೆ ಬೇಕಾದ ಹಾಗೆ ಬರದೇ ಇರ್ಲಿ ಅಂತ."

ಬಸ್ಸು ಬರುತ್ತಿದೆಯೇ ಎಂದು ಬಗ್ಗಿ ನೋಡುತ್ತಾ ಅಂದ: "ನನಗೆ ಬದುಕಬೇಕು ಅಂತ ಇತ್ತು ಕಣೋ."

— ಒಂದು ನಿಮಿಷ. ನೀರು ಕೊಡಿ.

ನಾನು ದೊಡ್ಡ ಬುದ್ಧಿಯನ್ನು ನಂಬುವುದಿಲ್ಲ. ಇವತ್ತೂ ಇಲ್ಲ. ಗೆಳೆಯ ಸತ್ತನೆಂದು ನನ್ನ ರೀಡಿಂಗು ಬದಲಾಯಿಸುವುದಿಲ್ಲ. ಬದಲಾಯಿಸಿದರೆ ಅವನೇ ಬಯ್ಯುತ್ತಾನೆ. ಅವನ ರೀಡಿಂಗಿಗೂ ನಾನು ಸಹಿ ಹಾಕಲಾರೆ. ಆದರೆ ಅವನು ಹೇಗೆ ಅಳೆದ ಎಂಬುದಕ್ಕೆ ನಾನು ಸಾಕ್ಷಿ ಹೇಳಬಲ್ಲೆ, ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವನ ನಂಬಿಕೆಗೆ ಕಾರಣವಿತ್ತು. ಆ ಕಾರಣ ಎಲ್ಲಿ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಎಷ್ಟು ತಪ್ಪಿರಬಹುದು ಎಂದೂ ಹೇಳಿದ್ದ. ಆ ನಂಬಿಕೆ ಒಂದು ದಿನವೂ ಅವನ ತಕ್ಕಡಿಗೆ ಬೆರಳು ತಾಗಿಸಲಿಲ್ಲ — ತನ್ನ ಜೀವವನ್ನೇ ತೂಗುವಾಗಲೂ ಇಲ್ಲ. ನನಗೆ ಗೊತ್ತಿರುವ ಎಷ್ಟೋ ವಿಚಾರವಂತರು ತಮ್ಮ ಅಪನಂಬಿಕೆಯನ್ನು ಇಷ್ಟು ಶಿಸ್ತಾಗಿ ಇಟ್ಟುಕೊಂಡಿಲ್ಲ. ನಾನೂ ಇಟ್ಟುಕೊಂಡಿಲ್ಲ. ಅವನು ಅರವತ್ತು ಎನ್ನುತ್ತಿದ್ದ. ನಾನು ಯಾವಾಗಲೂ ನೂರು ಎನ್ನುತ್ತಿದ್ದೆ, ಮೇಜು ಗುದ್ದಿ.

ಆದ್ದರಿಂದ, ಅಮ್ಮಾ: ಇಲ್ಲ. ನಿಮ್ಮಪ್ಪ ದಡ್ಡತನದಿಂದ ಹೋಗಲಿಲ್ಲ. ಏಳರಿಂದ ಒಂಬತ್ತು ತಿಂಗಳು ಎಂದು ಲೆಕ್ಕ ಬಂದಿತ್ತು, ಎಂಟನೆಯ ತಿಂಗಳಲ್ಲಿ ಹೋದ. ಆರು ತಿಂಗಳು ತನ್ನ ಕಾಲ ಮೇಲೆ ಓಡಾಡಿದ. ಮೆಟ್ಟಿಲ ಮೇಲಿದ್ದವರಿಗೂ ಇದೇ ಉತ್ತರ.

ಇಷ್ಟಕ್ಕೇ ಮುಗಿಸಬಹುದು. ಸಭೆಗೆ ಶೋಭೆಯೂ ಹೌದು. ಆದರೆ ಅವತ್ತು ಉತ್ತರ ಹೇಳದೆ ಫೋನು ಇಟ್ಟದ್ದು ಯಾಕೆ ಎಂದು ಹೇಳುತ್ತೇನೆ ಅಂದಿದ್ದೆ.

ಈ ಲೆಕ್ಕವೆಲ್ಲ ಮನೆಯಲ್ಲಿ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಮಗಳ ಫೋನು ಬರುವವರೆಗೂ. 'ದೇವರು ನೋಡ್ಕೋತಾನೆ' — ಅವನ ಬಾಯಿಂದ ಆ ಮಾತನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಬೇರೆ ಯಾರಾದರೂ ಆಡಿದರೆ ಅವನೇ ಮುಖ ಸಿಂಡರಿಸುತ್ತಿದ್ದ. ಅದು ಅವನ ನಂಬಿಕೆಯಲ್ಲ. ಇಲ್ಲದ ಕಾರಣ ಬರೆಯಲಾರೆ ಎಂದವನು, ಸ್ವಂತ ಮಗಳಿಗೆ ಇಲ್ಲದ ಕಾರಣ ಹೇಳಿದ. ಜೀವಮಾನವಿಡೀ ಕೊಳೆ ತಾಗದಂತೆ ಕಾಪಾಡಿದ್ದ ನಂಬಿಕೆಯನ್ನು ಈ ಲೆಕ್ಕ ಮುಚ್ಚಲು ಬಟ್ಟೆಯಂತೆ ಬಳಸಿದ. ಅದರಿಂದ ಏನಾಯಿತು? ಅವನು ಓಡಾಡಿಕೊಂಡಿದ್ದ ಆ ಆರು ತಿಂಗಳಲ್ಲಿ ಮಗಳು ಅವನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ನಮ್ಮ ಲೆಕ್ಕದಲ್ಲಿ ಮನೆಯ ದಿನಗಳನ್ನು ಎಣಿಸಿದ್ದೆವು. ಆ ದಿನಗಳು ಹೇಗಿರುತ್ತವೆ ಎಂದು ಎಣಿಸಿರಲಿಲ್ಲ. ಇಬ್ಬರೂ ಒಪ್ಪಿ, ಇಬ್ಬರೂ ತಪ್ಪಿದ್ದೆವು.

ಯಾಕೆ ಹಾಗೆ ಹೇಳಿದ? ಅಂಕಿ ತೋರಿಸಿದರೆ ಅವಳು ಕೂತು ತಿದ್ದುತ್ತಾಳೆ, ಆಸೆಯಿಂದ ತಪ್ಪು ಹುಡುಕುತ್ತಾಳೆ ಎಂದು ಹೆದರಿದನೇ? ಅಪ್ಪನ ಲೆಕ್ಕದ ಮೇಲೆ ಕೋಪ ಬರುವುದಕ್ಕಿಂತ ದೇವರ ಮೇಲೆ ಕೋಪ ಬರುವುದು ಹಗುರ ಎಂದುಕೊಂಡನೇ? ಅಥವಾ ಆ ಹೊತ್ತಿಗೆ, ಆ ಒಂದು ಹೊತ್ತಿಗೆ, ಅವನಿಗೆ ನಿಜವಾಗಿಯೇ ಯಾರಾದರೂ ನೋಡಿಕೊಳ್ಳಲಿ ಎನ್ನಿಸಿತೇ? ಅತ್ತಿಗೆಯನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ. ಮೂರರಲ್ಲಿ ಒಂದನ್ನು ಆರಿಸಿ ಮಗಳ ಕೈಗೆ ಕೊಡಬಹುದು, ಅವಳು ಮನೆಗೆ ಒಯ್ಯಬಹುದು. ಆದರೆ ಅದು ನಾನು ತೆಗೆದುಕೊಂಡ ರೀಡಿಂಗಲ್ಲ. ಕೊಡುವುದಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮಂಡಿನೋವಿರುವ ಹಿರಿಯರು ಕೂತೇ ಇರಲಿ, ಪರವಾಗಿಲ್ಲ. ಪ್ರಾರ್ಥಿಸುವವರು ಪ್ರಾರ್ಥಿಸಿ, ಅಭ್ಯಾಸವಿಲ್ಲದವರು ಸುಮ್ಮನೆ ನಿಲ್ಲಿ, ಸುಮ್ಮನಿರುವುದರಲ್ಲಿ ಎರಡು ಪಕ್ಷವಿಲ್ಲ. ಒಂದು ನಿಮಿಷ ಮೌನ. ಗಡಿಯಾರ ನಾನು ನೋಡುತ್ತೇನೆ.

ಮೌನಕ್ಕೆ ಮೊದಲು ನನ್ನದೊಂದೇ ಮಾತು, ನಿಮಗಲ್ಲ —

ಲೋ, ನಮ್ಮಿಬ್ಬರಿಗಿಂತ ಚೆನ್ನಾಗಿ ಲೆಕ್ಕ ಬರುವ ಮಗಳು ಕಣೋ ಅವಳು. ಅವಳಿಗೆ ಯಾಕೋ ಹೇಳಲಿಲ್ಲ?